ಬೆರಳಚ್ಚಿನ ಶಾಸ್ತ್ರವೂ ನ್ಯಾಯದ ಮರ್ಯಾದೆಯೂ

ಅಕ್ಷರ ಬಾರದವನು ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಪದ್ಧತಿಯನ್ನು ಕನ್ನಡ ನಾಡಿನಲ್ಲಿ ಕಾಣದವರಿಲ್ಲ. ಸಾಲದ ಪತ್ರ, ಕ್ರಯಪತ್ರ, ಪಂಚನಾಮೆ ಮೊದಲಾದವುಗಳ ಕೊನೆಯಲ್ಲಿ ಆ ಕರಿಯ ಮುದ್ರೆ ಇದ್ದೇ ಇರುತ್ತಿತ್ತು; ‘ಹೆಬ್ಬೆಟ್ಟು’ ಎಂಬ ಮಾತೇ ಆಡುನುಡಿಯಲ್ಲಿ ಓದುಬರಹವಿಲ್ಲದವನಿಗೆ ಹೆಸರಾಗಿಬಿಟ್ಟಿದೆ. ಸಾಮುದ್ರಿಕರು ಬೆರಳ ತುದಿಯ ಗೆರೆಗಳನ್ನು ಶಂಖವೆಂದೂ ಚಕ್ರವೆಂದೂ ವಿಂಗಡಿಸಿ, ಅವುಗಳ ಸಂಖ್ಯೆಯಿಂದ ಶುಭಾಶುಭಗಳನ್ನು ಹೇಳುತ್ತ ಬಂದರು. ಆದರೆ ಆ ಗೆರೆಗಳು ಒಬ್ಬನಲ್ಲಿದ್ದಂತೆ ಮತ್ತೊಬ್ಬನಲ್ಲಿ ಇರುವುದಿಲ್ಲ, ಹುಟ್ಟಿದಂದಿನಿಂದ ಸಾಯುವವರೆಗೆ ಮಾರ್ಪಡುವುದೂ ಇಲ್ಲ ಎಂಬ ಸಂಗತಿಯನ್ನು ರಾಜ್ಯಾಡಳಿತದ ಉಪಯೋಗಕ್ಕೆ ಕ್ರಮವಾಗಿ ತಂದುಕೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ತಂದುಕೊಂಡ ಸ್ಥಳ ವಂಗದೇಶ. ಅಲ್ಲಿಂದ ಅದು ಲಂಡನ್ ನಗರಕ್ಕೂ, ದಕ್ಷಿಣ ಆಫ್ರಿಕಕ್ಕೂ, ತರುವಾಯ ಲೋಕಕ್ಕೆಲ್ಲಕ್ಕೂ ಹೋಯಿತು.

ಈ ಚರಿತ್ರೆಯು ಕೇವಲ ಒಂದು ಯುಕ್ತಿಯ ಚರಿತ್ರೆಯಲ್ಲ. ಶಾಸ್ತ್ರವು ಹೊಸದೊಂದು ಸಾಧನವನ್ನು ನ್ಯಾಯಪೀಠದ ಮುಂದೆ ತಂದಿರಿಸಿದಾಗ ಅದನ್ನು ಯಾರ ಮೇಲೆ, ಯಾವ ಉದ್ದೇಶಕ್ಕೆ, ಯಾರ ಅನುಮತಿಯಿಂದ ಪ್ರಯೋಗಿಸಬಹುದೆಂಬ ಪ್ರಶ್ನೆಯು ಪ್ರತಿಯೊಂದು ಸಾರಿಯೂ ಎದ್ದಿದೆ. ಆ ಪ್ರಶ್ನೆಗೆ ಕೊಟ್ಟ ಉತ್ತರಗಳನ್ನು ಕಾಲಕ್ರಮದಿಂದ ಪರಿಶೀಲಿಸಿದರೆ ಇಂದಿಗೂ ಉಪಯೋಗವಾಗುವ ಕೆಲವು ವಿಷಯಗಳು ಗೋಚರವಾಗುತ್ತವೆ.

೧

ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ಲರ ಮೊಮ್ಮಗ, ಅದೇ ಹೆಸರಿನ ವಿಲಿಯಂ ಜೇಮ್ಸ್ ಹರ್ಷೆಲ್ ಎಂಬವರು ವಂಗದೇಶದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದರು. ೧೮೫೮ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಅವರು ರಸ್ತೆಗೆ ಹಾಸುವ ಕಲ್ಲುಹರಳನ್ನು ಒದಗಿಸಲು ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನೊಡನೆ ಕರಾರು ಮಾಡಿಕೊಂಡರು. ಮಾಡಿದ ಕರಾರನ್ನು ತನ್ನದಲ್ಲವೆಂದು ಆತನು ಮುಂದೆ ಅಲ್ಲಗಳೆಯಬಾರದೆಂಬ ಆಲೋಚನೆಯಿಂದ, ಪತ್ರದ ಹಿಂಬದಿಯಲ್ಲಿ ಆತನ ಅಂಗೈಯ ಪೂರ್ಣ ಅಚ್ಚನ್ನು ತೆಗೆದುಕೊಂಡರು. ಆಗ ಅದರಲ್ಲಿ ಶಾಸ್ತ್ರವೇನೂ ಇರಲಿಲ್ಲ. ಹೆದರಿಸಿ ಕಟ್ಟಿಹಾಕುವ ಉಪಾಯವಷ್ಟೇ ಇದ್ದಿತು.

ಆದರೆ ಹರ್ಷೆಲ್ಲರ ಕುತೂಹಲವು ಅಲ್ಲಿಗೆ ನಿಲ್ಲಲಿಲ್ಲ. ತಮ್ಮ ಬೆರಳುಗಳ ಅಚ್ಚನ್ನೂ ಪರಿಚಿತರ ಅಚ್ಚುಗಳನ್ನೂ ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ತೆಗೆದು ಹೋಲಿಸಿ ನೋಡಿ, ಗೆರೆಗಳು ಬದಲಾಗುವುದಿಲ್ಲವೆಂದು ಮನಗಂಡರು. ೧೮೬೦ರ ಸುಮಾರಿನಲ್ಲಿ ನದಿಯಾ ಜಿಲ್ಲೆಯಲ್ಲಿ ನೀಲಿ ಬೆಳೆಯ ಗಲಭೆಗಳಾದಾಗ ತೋಟದ ದೊರೆಗಳಿಗೂ ರೈತರಿಗೂ ನಡೆದ ವ್ಯಾಜ್ಯಗಳಲ್ಲಿ ಖೋಟಾ ಕರಾರುಪತ್ರಗಳ ದೂರು ಹೇರಳವಾಗಿದ್ದಿತು. ಇದಕ್ಕೆ ಬೆರಳಚ್ಚೇ ಪರಿಹಾರವೆಂದು ಹರ್ಷೆಲ್ಲರಿಗೆ ತೋರಿತು. ಮೇಲಿನವರು ಅದನ್ನು ಕೈಗೊಳ್ಳಲಿಲ್ಲ. ೧೮೭೭ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟರಾಗಿದ್ದಾಗ ಅವರು ಈ ಪದ್ಧತಿಯನ್ನು ಮೂರು ಕಡೆಗಳಲ್ಲಿ ಜಾರಿಗೆ ತಂದರು. ಸತ್ತ ಪಿಂಚಣಿದಾರನ ಹೆಸರಿನಲ್ಲಿ ಮತ್ತೊಬ್ಬನು ಹಣ ಪಡೆಯದಂತೆ ಖಜಾನೆಯಲ್ಲಿ. ಬರೆದುಕೊಟ್ಟವನು ಬರೆದಿಲ್ಲವೆನ್ನದಂತೆ ನೋಂದಣಿ ಕಚೇರಿಯಲ್ಲಿ. ಒಬ್ಬನ ಶಿಕ್ಷೆಯನ್ನು ಇನ್ನೊಬ್ಬನು ಅನುಭವಿಸದಂತೆ ಸೆರೆಮನೆಯಲ್ಲಿ. ಇದನ್ನು ವಿಸ್ತರಿಸಬೇಕೆಂದು ಅವರು ಸೆರೆಮನೆಗಳ ಮೇಲಧಿಕಾರಿಗೆ ಬರೆದ ಪತ್ರಕ್ಕೆ ಅನುಕೂಲವಾದ ಉತ್ತರ ಬರಲಿಲ್ಲ.

ಈ ಮೂರು ಉಪಯೋಗಗಳಲ್ಲಿಯೂ ಅಚ್ಚನ್ನು ಕೊಡುವವನಿಗೆ ಅದರಿಂದ ಕಾಪು ಇದ್ದಿತು. ಪಿಂಚಣಿದಾರನ ಹಣ ಅವನಿಗೇ ಸೇರುತ್ತಿತ್ತು. ಕ್ರಯಪತ್ರ ಬರೆಯಿಸಿಕೊಂಡವನಿಗೆ ಭೂಮಿ ಉಳಿಯುತ್ತಿತ್ತು. ಮುಂದೆ ಬಂದ ಮಾರ್ಪಾಡನ್ನು ತೂಗಿನೋಡಲು ಈ ಆರಂಭವನ್ನು ಸ್ಮರಣೆಯಲ್ಲಿಡುವುದು ಅವಶ್ಯ.

ಇತ್ತ ಟೋಕಿಯೋ ನಗರದಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಹೆನ್ರಿ ಫೋಲ್ಡ್ಸ್ ಎಂಬವರು ಅಪರಾಧಿಗಳನ್ನು ಪತ್ತೆ ಹಚ್ಚಲು ಬೆರಳಚ್ಚು ಒದಗುವುದೆಂದು ೧೮೮೦ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದರು. ೧೮೯೨ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ಪಂಡಿತರು ಈ ವಿಷಯದಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಜನಾಂಗಗಳ ಹೆಚ್ಚು ಕಡಿಮೆಗಳನ್ನು ಬೆರಳಿನಲ್ಲಿ ಓದಬಹುದೆಂಬ ಆಸೆ ಗಾಲ್ಟನ್ನರಿಗಿದ್ದಿತು. ಅದು ಕೈಗೂಡಲಿಲ್ಲ. ಗೆರೆಗಳು ಈತನು ಯಾರೆಂಬುದನ್ನು ಹೇಳಿದುವೇ ಹೊರತು, ಎಂಥವನೆಂಬುದನ್ನು ಹೇಳಲಿಲ್ಲ. ಈ ಒಂದು ಮಾತನ್ನು ಆಗಿನ ಸರ್ಕಾರವು ನೆನಪಿನಲ್ಲಿಟ್ಟಿದ್ದರೆ ಮುಂದಿನ ಅನೇಕ ಅನ್ಯಾಯಗಳು ತಪ್ಪುತ್ತಿದ್ದುವು.

೨

ಸಾವಿರಾರು ಅಚ್ಚುಗಳನ್ನು ಕೂಡಿಹಾಕಿದರೆ ಸಾಲದು. ಬೇಕಾದಾಗ ಬೇಕಾದ ಒಂದನ್ನು ಹುಡುಕಿ ತೆಗೆಯುವುದು ಹೇಗೆ? ಈ ತೊಡಕು ಬಿಡಿಸಿದುದೂ ಕಲ್ಕತ್ತೆಯಲ್ಲಿಯೇ. ವಂಗದೇಶದ ಪೊಲೀಸು ಮುಖ್ಯಾಧಿಕಾರಿಯಾಗಿದ್ದ ಎಡ್ವರ್ಡ್ ಹೆನ್ರಿಯವರ ಕೈಕೆಳಗೆ ಗಣಿತ ಬಲ್ಲ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್ಸ್ಪೆಕ್ಟರರಿದ್ದರು. ಹತ್ತು ಬೆರಳುಗಳನ್ನು ಐದು ಜೋಡಿಗಳಾಗಿ ಮಾಡಿ, ಮೊದಲನೆಯ ಜೋಡಿಯ ಬೆರಳಿನಲ್ಲಿ ಚಕ್ರವಿದ್ದರೆ ೧೬, ಎರಡನೆಯದರಲ್ಲಿದ್ದರೆ ೮, ಮುಂದೆ ಕ್ರಮವಾಗಿ ೪, ೨, ೧ ಎಂದು ಬೆಲೆ ಕಟ್ಟಿದರು; ಚಕ್ರವಿಲ್ಲದ ಬೆರಳಿಗೆ ಸೊನ್ನೆ. ಪ್ರತಿ ಜೋಡಿಯಿಂದಲೂ ಒಂದೊಂದು ಬೆರಳನ್ನು ಬೇರೆ ಬೇರೆಯಾಗಿ ಕೂಡಿಸಿ, ಎರಡು ಮೊತ್ತಗಳಿಗೂ ಒಂದನ್ನು ಸೇರಿಸಿ ಭಿನ್ನರಾಶಿಯಂತೆ ಬರೆದರೆ ಒಟ್ಟು ೧೦೨೪ ವರ್ಗಗಳಾಗುತ್ತವೆ. ಅಷ್ಟು ಗೂಡುಗಳ ಬೀರುವಿದ್ದರೆ ಯಾವ ಅಚ್ಚನ್ನೇ ಆಗಲಿ ಸ್ವಲ್ಪ ಹೊತ್ತಿನಲ್ಲಿ ಹುಡುಕಬಹುದು.

ಈ ಪದ್ಧತಿಯನ್ನು ಪರೀಕ್ಷಿಸಲು ಸರ್ಕಾರದವರು ಸ್ಟ್ರಾಹನ್ ಮತ್ತು ಪೆಡ್ಲರ್ ಎಂಬ ಇಬ್ಬರು ತಜ್ಞರನ್ನು ನೇಮಿಸಿದರು. ಅವರು ಮೆಚ್ಚಿ ವರದಿ ಒಪ್ಪಿಸಿದ ಮೇಲೆ, ದೇಹದ ಅಳತೆ ತೆಗೆಯುವ ಫ್ರೆಂಚ್ ಪದ್ಧತಿಯನ್ನು ಕೈಬಿಟ್ಟು, ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಲೋಕದ ಮೊದಲನೆಯ ಬೆರಳಚ್ಚು ಕಚೇರಿಯನ್ನು ಸ್ಥಾಪಿಸಿದರು. ಪದ್ಧತಿಗೆ ಹೆನ್ರಿಯವರ ಹೆಸರೇ ನಿಂತಿತು. ಹಕ್ ಅವರಿಗೆ ಖಾನ್ ಬಹಾದೂರ್, ಬೋಸರಿಗೆ ರಾಯ್ ಬಹಾದೂರ್ ಬಿರುದುಗಳೂ, ಅವರ ಪಾಲಿನ ಅಂಗೀಕಾರವೂ ಬಂದುದು ಎಷ್ಟೋ ವರ್ಷಗಳ ತರುವಾಯ.

ಆ ವರ್ಷವೇ ಜಲ್ಪಾಯಿಗುರಿ ಜಿಲ್ಲೆಯ ಚಹದ ತೋಟವೊಂದರ ಮ್ಯಾನೇಜರನು ಕೊಲೆಯಾದನು. ಮನೆಯಲ್ಲಿ ಸಿಕ್ಕಿದ ಬಂಗಾಳಿ ಪಂಚಾಂಗದ ಮೇಲೆ ರಕ್ತದ ಕಂದುಗುರುತು ಇದ್ದಿತು. ಅದು ಮೊದಲೊಮ್ಮೆ ಕಳವಿಗಾಗಿ ಶಿಕ್ಷೆ ಹೊಂದಿದ್ದ ಹಳೆಯ ಸೇವಕ ಕಾಂಗಾಲಿ ಚರಣನ ಬಲಗೈ ಹೆಬ್ಬೆಟ್ಟಿನ ಅಚ್ಚಿಗೆ ಸರಿಹೋಯಿತು. ೧೮೯೮ರಲ್ಲಿ ವಿಚಾರಣೆ ನಡೆಯಿತು. ನ್ಯಾಯಾಧೀಶರೊಡನೆ ಕುಳಿತ ಅಸೆಸರರು ಆತನನ್ನು ಕಳವಿನ ಅಪರಾಧಿಯೆಂದರು. ಕೊಲೆಯನ್ನು ಕಣ್ಣಾರೆ ಕಂಡವರಿಲ್ಲದಿರುವಾಗ ಆ ಅಪರಾಧವನ್ನು ಹೊರಿಸುವುದು ಕ್ಷೇಮವಲ್ಲವೆಂದು ಬಿಟ್ಟುಬಿಟ್ಟರು. ಈ ತೀರ್ಮಾನವನ್ನು ಹೊಸ ಶಾಸ್ತ್ರದಲ್ಲಿ ಅಪನಂಬಿಕೆಯೆಂದು ತಳ್ಳಿಹಾಕಲಾಗದು. ಅಚ್ಚು ಹೇಳುವುದು ಆ ಕೈ ಆ ಕಾಗದವನ್ನು ಮುಟ್ಟಿತೆಂದು. ಆ ಕೈಯೇ ಕತ್ತಿಯನ್ನೂ ಹಿಡಿಯಿತೆಂಬುದು ಮನುಷ್ಯರು ಮಾಡುವ ಊಹೆ. ಇವೆರಡರ ನಡುವಣ ಅಂತರವನ್ನು ಕಂಡವರು ತಜ್ಞರಲ್ಲ, ಸಾಮಾನ್ಯರಾದ ಅಸೆಸರರು. ಮರುವರ್ಷ, ೧೮೯೯ರ ಐದನೆಯ ಕಾಯಿದೆಯಿಂದ, ಬೆರಳಚ್ಚಿನ ತಜ್ಞರ ಅಭಿಪ್ರಾಯಕ್ಕೆ ಸಾಕ್ಷ್ಯದ ಕಾಯಿದೆಯಲ್ಲಿ ಸ್ಥಾನ ದೊರೆಯಿತು.

೩

ಕಾಪಿಗಾಗಿ ಹುಟ್ಟಿದ ಸಾಧನವು ಕಣ್ಗಾವಲಿನ ಸಾಧನವಾದುದು ಹೇಗೆಂಬುದನ್ನು ಇನ್ನು ನೋಡಬೇಕು. ೧೮೭೧ರಲ್ಲಿ ಸರ್ಕಾರವು ಕೆಲವು ಪಂಗಡಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗೊತ್ತುಮಾಡುವ ಕಾಯಿದೆಯನ್ನು ಮಾಡಿತು. ೧೯೧೧ರಲ್ಲಿ ಅದನ್ನು ಬ್ರಿಟಿಷ್ ಇಂಡಿಯಕ್ಕೆಲ್ಲ ಅನ್ವಯಿಸಿ, ಪಟ್ಟಿಗೆ ಸೇರಿದವರ ಬೆರಳಚ್ಚನ್ನು ತೆಗೆಯುವ ಅಧಿಕಾರವನ್ನೂ ಕೊಟ್ಟಿತು. ಕಳವು ಮಾಡಿದವನ ಅಚ್ಚಲ್ಲ, ಮಾಡಬಹುದೆಂದು ಊಹಿಸಿದವನ ಅಚ್ಚು. ಗಾಲ್ಟನ್ನರಿಗೆ ಬೆರಳಿನಲ್ಲಿ ಕಾಣದಿದ್ದ ಸ್ವಭಾವವನ್ನು ಕಾಯಿದೆಯು ಕುಲದಲ್ಲಿ ಕಂಡಿತು. ಕನ್ನಡ ನಾಡು ಇದಕ್ಕೆ ಹೊರತಾಗಿರಲಿಲ್ಲ. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ವಿಜಾಪುರ, ಹುಬ್ಬಳ್ಳಿ, ಗದಗುಗಳಲ್ಲಿ ಇಂಥ ಪಂಗಡದವರನ್ನು ಕೂಡಿಹಾಕಿದ ವಸತಿಗಳಿದ್ದುವು. ಹುಬ್ಬಳ್ಳಿಯ ಜನರ ಬಾಯಲ್ಲಿ ‘ಸೆಟ್ಲಮೆಂಟು’ ಎಂಬ ಹೆಸರು ಇನ್ನೂ ಅಳಿದಿಲ್ಲ. ಅಲ್ಲಿ ಹುಟ್ಟಿದ ಕೂಸಿಗೆ ತೊಟ್ಟಿಲಿನೊಡನೆಯೇ ಆಪಾದನೆಯೂ ಬರುತ್ತಿತ್ತು. ಆ ಕಾಯಿದೆ ರದ್ದಾದುದು ಸ್ವಾತಂತ್ರ್ಯ ಬಂದ ಮೇಲೆ, ೧೯೫೨ರಲ್ಲಿ.

ಇದನ್ನು ಪ್ರಭುಗಳ ಕ್ರೌರ್ಯವೆಂದಷ್ಟೇ ಹೇಳಿ ಮುಗಿಸುವಂತಿಲ್ಲ. ನೆಲೆಯಾಗಿ ನಿಂತ ಗೃಹಸ್ಥರಲ್ಲಿ ಅನೇಕರಿಗೆ ಆ ಏರ್ಪಾಡು ನೆಮ್ಮದಿಯನ್ನು ತಂದಿದ್ದಿತು. ನಾಲ್ಕು ಜನರ ನೆಮ್ಮದಿಯೂ ಸಮಾಜದ ಧರ್ಮವೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಅದೇ ಕಾಲದಲ್ಲಿ ಸಮುದ್ರದಾಚೆ ಈ ಪ್ರಶ್ನೆಗೆ ಬೇರೊಂದು ಬಗೆಯ ಉತ್ತರ ಹೊರಟಿತು. ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿನ ಸರ್ಕಾರವು ೧೯೦೬ರಲ್ಲಿ ಅಲ್ಲಿನ ಭಾರತೀಯರೆಲ್ಲರೂ ಬೆರಳಚ್ಚು ಕೊಟ್ಟು ಪಟ್ಟಿಗೆ ಸೇರಬೇಕೆಂದೂ, ಪೊಲೀಸರು ಕೇಳಿದಾಗ ರಹದಾರಿ ತೋರಿಸಬೇಕೆಂದೂ ಶಾಸನವನ್ನು ಸಿದ್ಧಮಾಡಿತು. ಎಡ್ವರ್ಡ್ ಹೆನ್ರಿಯವರು ೧೯೦೦ರಲ್ಲಿ ಆ ನಾಡಿನ ಪೊಲೀಸು ವ್ಯವಸ್ಥೆಯನ್ನು ಕಟ್ಟಲು ಹೋಗಿದ್ದರೆಂಬುದು ಇಲ್ಲಿ ಸ್ಮರಣೀಯ. ಅವರ ಗ್ರಂಥವನ್ನು ಗಾಂಧಿಯವರು ಓದಿ, ಕಾಯಿದೆಯ ಬಲದಿಂದ ಬೆರಳಚ್ಚು ತೆಗೆಯುವುದು ಅಪರಾಧಿಗಳಿಂದ ಮಾತ್ರವೆಂದು ತಿಳಿದುಕೊಂಡಿದ್ದರು. ೧೯೦೬ನೆಯ ಸೆಪ್ಟೆಂಬರ್ ೧೧ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ನಾಟಕಶಾಲೆಯಲ್ಲಿ ಸಭೆ ಸೇರಿ, ಏನೇ ಬಂದರೂ ಆ ಶಾಸನಕ್ಕೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಸತ್ಯಾಗ್ರಹವು ಹುಟ್ಟಿದುದು ಅಲ್ಲಿ.

೧೯೦೮ರ ಜನವರಿಯಲ್ಲಿ ಒಪ್ಪಂದವಾಗಿ, ಭಾರತೀಯರು ಸ್ವಂತ ಇಚ್ಛೆಯಿಂದ ಪಟ್ಟಿಗೆ ಸೇರುವುದೆಂದು ತೀರ್ಮಾನವಾಯಿತು. ನಿನ್ನೆಯವರೆಗೆ ಕೊಡಬೇಡಿರೆಂದವರು ಇಂದು ಕೊಡಿರೆಂದುದು ಕೆಲವರಿಗೆ ದ್ರೋಹವಾಗಿ ಕಂಡಿತು. ಫೆಬ್ರವರಿ ೧೦ರಂದು ಕಚೇರಿಗೆ ಹೊರಟ ಗಾಂಧಿಯವರ ಮೇಲೆ ಮೀರ್ ಆಲಂ ಮತ್ತು ಸಂಗಡಿಗರು ದೊಣ್ಣೆಗಳಿಂದ ಹೊಡೆದು ಕೆಡವಿದರು. ಗಾಯಗೊಂಡು ಮಲಗಿದ್ದವರು ಹಾಸಿಗೆಯಿಂದಲೇ ತಮ್ಮ ಬೆರಳಚ್ಚನ್ನು ಕೊಟ್ಟರು. ಸರ್ಕಾರವು ಕೊಟ್ಟ ಮಾತನ್ನು ನಡೆಸಲಿಲ್ಲವೆಂದು ಕಂಡಮೇಲೆ, ಆಗಸ್ಟ್ ೧೬ರಂದು ಹಮೀದಿಯಾ ಮಸೀದಿಯ ಬಯಲಿನಲ್ಲಿ ಎರಡು ಸಾವಿರಕ್ಕೂ ಮಿಕ್ಕ ರಹದಾರಿಗಳನ್ನು ಸುಟ್ಟರು. ಕೊನೆಗೆ ೧೯೧೪ರ ಪರಿಹಾರ ಶಾಸನದಲ್ಲಿ ಹೆಬ್ಬೆಟ್ಟಿನ ಗುರುತುಳ್ಳ ಪತ್ರವೇ ಭಾರತೀಯನ ಪ್ರವೇಶದ ಹಕ್ಕಿಗೆ ಸಾಕ್ಷಿಯೆಂದು ಒಪ್ಪಿಕೊಂಡರು. ಅದಕ್ಕೆ ಯಾರೂ ಅಡ್ಡಿಮಾಡಲಿಲ್ಲ. ಮಸಿಯೂ ಅದೇ, ಬೆರಳೂ ಅದೇ. ಮೊದಲನೆಯದು ಬಲಾತ್ಕಾರ, ಎರಡನೆಯದು ಸಮ್ಮತಿ. ವಿರೋಧವಿದ್ದುದು ಶಾಸ್ತ್ರಕ್ಕಲ್ಲ, ಒಂದು ಜನಸಮುದಾಯವನ್ನೇ ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಿದ ಅವಮಾನಕ್ಕೆ.

೪

ಸ್ವತಂತ್ರ ಭಾರತದ ಸಂವಿಧಾನವು ಆಪಾದಿತನನ್ನು ಅವನ ವಿರುದ್ಧವೇ ಸಾಕ್ಷಿಯಾಗುವಂತೆ ಬಲಾತ್ಕರಿಸಲಾಗದೆಂದು ಇಪ್ಪತ್ತನೆಯ ಅನುಚ್ಛೇದದಲ್ಲಿ ವಿಧಿಸಿತು. ಹಾಗಾದರೆ ಬೆರಳಚ್ಚನ್ನು ಬಲವಂತವಾಗಿ ತೆಗೆಯಬಹುದೆ? ಕಾಠೀ ಕಾಲು ಓಘಡನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ೧೧ ಮಂದಿ ನ್ಯಾಯಮೂರ್ತಿಗಳ ಪೀಠವು ೧೯೬೧ರಲ್ಲಿ ಉತ್ತರ ಕೊಟ್ಟಿತು. ಸಾಕ್ಷಿಯಾಗುವುದೆಂದರೆ ತನ್ನ ಅರಿವಿನಲ್ಲಿರುವುದನ್ನು ತಿಳಿಸುವುದು. ಬೆರಳಿನ ಗೆರೆ ಮನಸ್ಸಿನಿಂದ ಬರುವುದಲ್ಲ, ಮರೆಮಾಡಿದರೂ ಸ್ವರೂಪದಲ್ಲಿ ಬದಲಾಗುವುದಲ್ಲ. ಆದ್ದರಿಂದ ಅದನ್ನು ತೆಗೆಯಬಹುದು. ಹೀಗೆ ದೇಹಕ್ಕೂ ಮನಸ್ಸಿಗೂ ನಡುವೆ ಒಂದು ಗೆರೆಯನ್ನು ಎಳೆದಂತಾಯಿತು.

ಆ ಗೆರೆಯ ಪರೀಕ್ಷೆ ನಡೆದದ್ದು ಕರ್ನಾಟಕದಲ್ಲಿ. ೧೯೧೬ರಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದ ಡಾಕ್ಟರ್ ರಾಬರ್ಟ್ ಹೌಸ್ ಎಂಬವರು ಹೆರಿಗೆಯ ನೋವಿಗೆ ಕೊಟ್ಟ ಔಷಧದ ಮಂಪರಿನಲ್ಲಿ ರೋಗಿಯು ಕೇಳಿದ್ದಕ್ಕೆ ಉತ್ತರ ಹೇಳುವುದನ್ನು ಕಂಡು, ಅಪರಾಧಿಗಳ ಬಾಯಿಂದಲೂ ಹೀಗೆಯೇ ನಿಜವನ್ನು ಹೊರಡಿಸಬಹುದೆಂದು ಎಣಿಸಿದರು. ಈ ಎಣಿಕೆಯ ಸಂತತಿಯಾದ ಮಂಪರು ಪರೀಕ್ಷೆಯೂ, ಸುಳ್ಳುಪತ್ತೆ ಯಂತ್ರವೂ, ಮಿದುಳಿನ ವಿದ್ಯುತ್ತರಂಗಗಳ ಪರೀಕ್ಷೆಯೂ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಬೆಂಗಳೂರಿನ ನ್ಯಾಯವಿಜ್ಞಾನ ಪ್ರಯೋಗಾಲಯದಲ್ಲಿ ಹೆಸರುಗೊಂಡುವು. ಹೊರ ರಾಜ್ಯಗಳ ಪೊಲೀಸರೂ ಆಪಾದಿತರನ್ನು ಅಲ್ಲಿಗೆ ಕರೆತರುತ್ತಿದ್ದರು. ಮಂಪರಿನಲ್ಲಿದ್ದವರು ತೊದಲುವ ದೃಶ್ಯಗಳು ದೂರದರ್ಶನದ ವಾಹಿನಿಗಳಲ್ಲಿ ಪ್ರಸಾರವಾದುವು; ನೋಡಿ ಮೆಚ್ಚಿದವರು ಕಡಿಮೆಯಿರಲಿಲ್ಲ. ಲಾಠಿಯ ಏಟಿಗಿಂತ ಸೂಜಿಯ ಮೊನೆ ಮೇಲೆಂಬ ವಾದವೂ ಹೊರಟಿತು. ೨೦೦೪ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಸೆಲ್ವಿ ಎಂಬವರ ಮೊಕದ್ದಮೆಯಲ್ಲಿ ಈ ಪರೀಕ್ಷೆಗಳನ್ನು ಎತ್ತಿಹಿಡಿಯಿತು.

ಆದರೆ ಶಾಸ್ತ್ರಜ್ಞರಲ್ಲಿಯೇ ಒಮ್ಮತವಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನಿರ್ದೇಶಕರು ಮುಖ್ಯರಾಗಿದ್ದ ಸಮಿತಿಯು ಮಿದುಳಿನ ಪರೀಕ್ಷೆಗೆ ತಕ್ಕಷ್ಟು ಶಾಸ್ತ್ರೀಯ ಆಧಾರವಿಲ್ಲವೆಂದು ೨೦೦೮ರಲ್ಲಿ ಅಭಿಪ್ರಾಯಪಟ್ಟಿತು. ೨೦೧೦ನೆಯ ಮೇ ೫ರಂದು ಮುಖ್ಯ ನ್ಯಾಯಮೂರ್ತಿ ಬಾಲಕೃಷ್ಣನ್, ರವೀಂದ್ರನ್, ಪಾಂಚಾಲ್ ಇವರ ಪೀಠವು ಸೆಲ್ವಿಯ ಮೊಕದ್ದಮೆಯ ತೀರ್ಪನ್ನು ಕೊಟ್ಟಿತು. ಪರೀಕ್ಷೆಗಳ ಫಲವು ಸಂದಿಗ್ಧವೆಂಬುದನ್ನು ಅದು ಗಮನಿಸಿತು, ಅಷ್ಟಕ್ಕೇ ನಿಲ್ಲಲಿಲ್ಲ. ಮನಸ್ಸಿನೊಳಗೆ ಇರುವುದನ್ನು ಹೇಳುವುದೋ ಬಿಡುವುದೋ ಎಂಬ ಆಯ್ಕೆಯು ಮನುಷ್ಯನದೇ. ಅದನ್ನು ಅವನ ಇಚ್ಛೆಗೆ ವಿರುದ್ಧವಾಗಿ ಕಸಿದುಕೊಳ್ಳುವುದು ಸಂವಿಧಾನಕ್ಕೆ ವಿರೋಧವೆಂದು ಸಾರಿತು. ಸಮ್ಮತಿಯಿದ್ದರೆ ಮಾತ್ರ ಪರೀಕ್ಷೆ. ಆ ಸಮ್ಮತಿಯೂ ವಕೀಲರ ನೆರವಿನೊಡನೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು.

ಬೆರಳಚ್ಚಿನ ಕಥೆಯೂ ಮುಂದುವರಿಯಿತು. ಹೆನ್ರಿಯವರ ೧೦೨೪ ಗೂಡುಗಳ ಬೀರುವಿನ ಸ್ಥಾನದಲ್ಲಿ ಕೋಟಿಗಟ್ಟಲೆ ಪ್ರಜೆಗಳ ಅಚ್ಚನ್ನು ಹಿಡಿಯುವ ಗಣಕಯಂತ್ರಗಳು ಬಂದುವು. ಆಧಾರ್ ಯೋಜನೆಗಾಗಿ ೨೦೦೯ರಲ್ಲಿ ಪ್ರಾಧಿಕಾರವು ಸ್ಥಾಪಿತವಾದಾಗ ಅದಕ್ಕೆ ಪ್ರತ್ಯೇಕ ಶಾಸನವೇ ಇರಲಿಲ್ಲ; ಶಾಸನ ಬಂದುದು ೨೦೧೬ರಲ್ಲಿ. ಈ ನಡುವೆ ೨೦೧೨ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತಾರರ ವಯಸ್ಸಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಕದ ತಟ್ಟಿದರು. ೨೦೧೭ನೆಯ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳು ಏಕಕಂಠದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಘೋಷಿಸಿದರು. ಮರುವರ್ಷದ ಸೆಪ್ಟೆಂಬರ್ ೨೬ರಂದು ಐವರ ಪೀಠವು ಬಹುಮತದಿಂದ ಯೋಜನೆಯನ್ನು ಎತ್ತಿಹಿಡಿದರೂ, ಬ್ಯಾಂಕಿನ ಖಾತೆಗೂ ದೂರವಾಣಿಗೂ ಅದನ್ನು ಕಡ್ಡಾಯ ಮಾಡುವುದನ್ನು ತಳ್ಳಿಹಾಕಿತು. ಪುಟ್ಟಸ್ವಾಮಿಯವರು ೨೦೨೪ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

೫

ಈ ಚರಿತ್ರೆಯಿಂದ ತಿಳಿಯುವುದೇನು? ಮೊದಲನೆಯದು, ಶಾಸ್ತ್ರವೇ ತಾನು ತಪ್ಪುವುದಿಲ್ಲವೆಂದು ಹೇಳಿಕೊಳ್ಳಲಾರದು. ೨೦೦೪ರಲ್ಲಿ ಮ್ಯಾಡ್ರಿಡ್ ನಗರದ ರೈಲುಗಾಡಿಗಳಲ್ಲಿ ಬಾಂಬು ಸಿಡಿದಾಗ, ಸಿಕ್ಕಿದ ಬೆರಳಚ್ಚು ಆರೆಗನ್ ಪ್ರಾಂತದ ವಕೀಲನೊಬ್ಬನದೆಂದು ಅಮೆರಿಕದ ತಜ್ಞರು ನಿಶ್ಚಯಿಸಿ ಆತನನ್ನು ಎರಡು ವಾರ ಸೆರೆಯಲ್ಲಿಟ್ಟರು. ಸ್ಪೇನಿನ ಪೊಲೀಸರು ಅದು ಬೇರೊಬ್ಬನದೆಂದು ತೋರಿಸಿದ ಮೇಲೆ ಕ್ಷಮೆ ಬೇಡಬೇಕಾಯಿತು. ಗೆರೆಗಳು ಸುಳ್ಳಾಡದಿದ್ದರೂ ಓದುವ ಕಣ್ಣು ತಪ್ಪಬಹುದು. ಎರಡನೆಯದು, ಒಂದು ಉದ್ದೇಶಕ್ಕೆ ತೆಗೆದುಕೊಂಡ ಗುರುತು ಇನ್ನೊಂದಕ್ಕೆ ಸರಿದುಹೋಗುತ್ತದೆ. ಪಿಂಚಣಿಯ ಪುಸ್ತಕದಿಂದ ಸೆಟ್ಲಮೆಂಟಿನ ಪಟ್ಟಿಗೆ ಆದ ದಾರಿ ನಾಲ್ವತ್ತು ವರ್ಷಗಳದೂ ಅಲ್ಲ. ಕೈದಿಗಳ ಗುರುತಿನ ೧೯೨೦ರ ಕಾಯಿದೆಗೆ ಬದಲಾಗಿ ಬಂದ ೨೦೨೨ರ ಕಾಯಿದೆಯು ಕಣ್ಣಿನ ಪಾಪೆಯ ಚಿತ್ರ ಮೊದಲಾದವುಗಳನ್ನೂ ತೆಗೆದು ೭೫ ವರ್ಷ ಇಡಲು ಅವಕಾಶ ಕೊಟ್ಟಿರುವುದರಿಂದ ಈ ಎಚ್ಚರಿಕೆ ಇಂದಿಗೂ ಸಲ್ಲುತ್ತದೆ.

ಮೂರನೆಯದು ಎಲ್ಲಕ್ಕೂ ಮುಖ್ಯವಾದುದು. ಶಾಸ್ತ್ರದ ಪ್ರಯೋಗವು ಪ್ರಜೆಗಳ ಧರ್ಮಕ್ಕೆ ಅನುಗುಣವಾಗಿರಬೇಕೆಂದರೆ, ಆಯಾ ದಿನದ ಜನರ ಆವೇಶಕ್ಕೆ ಅನುಗುಣವಾಗಿರಬೇಕೆಂದು ಅರ್ಥವಲ್ಲ. ಕುಲವನ್ನೇ ಅಪರಾಧಿಯೆಂದಾಗಲೂ, ಮಂಪರಿನ ದೃಶ್ಯಗಳನ್ನು ತೋರಿಸಿದಾಗಲೂ ಮೆಚ್ಚಿಕೆ ದೊರೆತಿದ್ದಿತು. ಪ್ರಜೆಗಳು ಶಾಂತಚಿತ್ತರಾಗಿದ್ದಾಗ ತಮಗೂ ಇತರರಿಗೂ ಸಮಾನವಾಗಿ ಒಪ್ಪಿಕೊಂಡ ಕಟ್ಟಲೆಗಳೇ ಅವರ ನಿಜವಾದ ಧರ್ಮ. ಸಂವಿಧಾನದಲ್ಲಿ ಬರೆದಿರುವುದು ಅದೇ. ಅದನ್ನು ಕಾಯುವ ಕೆಲಸವು ಕೆಲವು ಸಾರಿ ಜಲ್ಪಾಯಿಗುರಿಯ ಅಸೆಸರರಂಥವರಿಗೂ, ಕೆಲವು ಸಾರಿ ಮುಪ್ಪಿನ ನ್ಯಾಯಮೂರ್ತಿಯೊಬ್ಬರಿಗೂ ಬರುತ್ತದೆ.

ಗುದ್ದಲಿ ಹಿಡಿದೂ ಕಲ್ಲು ಹೊತ್ತೂ ಬೆರಳ ಗೆರೆ ಸವೆದುಹೋದ ಮುದುಕರನ್ನು ನ್ಯಾಯಬೆಲೆಯ ಅಂಗಡಿಯ ಯಂತ್ರವು ಗುರುತಿಸದೆ ಇರುವುದುಂಟು. ಅಂಥವರಿಗೆ ಬೇರೆ ದಾರಿಯೊಂದನ್ನು ಕಾಯಿದೆಯಲ್ಲಿಯೂ ಆಚರಣೆಯಲ್ಲಿಯೂ ತೆರೆದಿಡುವುದು ನ್ಯಾಯ. ಹೂಗ್ಲಿಯ ಖಜಾನೆಯಲ್ಲಿ ಪಿಂಚಣಿದಾರನ ಬೆರಳನ್ನು ಮಸಿಗೆ ಮುಟ್ಟಿಸಿದುದು ಅವನ ಪಾಲು ಅವನಿಗೇ ಸೇರಲೆಂದು. ಆ ಮೊದಲ ಉದ್ದೇಶವನ್ನು ಮರೆಯದಿರುವವರೆಗೆ ಬೆರಳಚ್ಚು ಪ್ರಜೆಗೆ ಸಾಕ್ಷಿಯಾಗಿ ನಿಲ್ಲುತ್ತದೆ. ಮರೆತರೆ ಅದೇ ಅವನ ಮೇಲಣ ಆಪಾದನೆಯಾಗುತ್ತದೆ.